3.35ರ ಫೋನು

(ಶಂಕರಪುರಂ, ರಂಗರಾವ್ ರಸ್ತೆ. ಶನಿವಾರ ಬೆಳಿಗ್ಗೆ. ಬ್ರಾಹ್ಮಿನ್ಸ್ ಕಾಫಿ ಬಾರಿನ ಮುಂದೆ ತಟ್ಟೆ ಹಿಡಿದು ನಿಂತ ಗುಂಪಿನಿಂದ ಒಂದಿಷ್ಟು ಸರಿದು ಇಬ್ಬರು ನಿಂತಿದ್ದಾರೆ. ಒಬ್ಬರು ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಚಿಪ್ ಡಿಸೈನ್ ಅವಳ ಕೆಲಸ.)

ಮಗಳು: ದೊಡ್ಡಪ್ಪ, ನಿನ್ನೆ ಆಫೀಸಲ್ಲಿ ಒಂದು ಮೀಟಿಂಗ್ ಇತ್ತು. ತೈವಾನ್ ಸುತ್ತ ಚೀನಾ ದಿಗ್ಬಂಧನ ಹಾಕಿದರೆ ನಮ್ಮ ಪ್ರಾಜೆಕ್ಟುಗಳ ಗತಿ ಏನು ಅಂತ. ಮ್ಯಾನೇಜರು ಎಷ್ಟು ತಣ್ಣಗೆ ಮಾತಾಡಿದರು ಅಂದರೆ, ನಾಳೆ ಬೆಸ್ಕಾಂನೋರು ಕರೆಂಟ್ ತೆಗೀತಾರೆ ಅನ್ನೋ ಥರ.

ದೊಡ್ಡಪ್ಪ: ಕೊನೆಗೆ ಏನು ತೀರ್ಮಾನ ಮಾಡಿದ್ರಿ?

ಮಗಳು: ಎಕ್ಸೆಲ್ ಶೀಟಿಗೆ ಒಂದು ಕಾಲಂ ಸೇರಿಸಿದ್ವಿ. ಅದರಲ್ಲಿ ‘ರಿಸ್ಕ್: ಮಧ್ಯಮ’ ಅಂತ ಬರೆದರು. ಮೂರನೇ ಮಹಾಯುದ್ಧ ಆಗೋ ಸಾಧ್ಯತೆ ಮಧ್ಯಮ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ದೊಡ್ಡಪ್ಪ: ಟಿವಿಯೋರಿಗಿಂತ ನಿಮ್ಮ ಮ್ಯಾನೇಜರೇ ವಾಸಿ. ಟಿವಿಯಲ್ಲಿ ದಿನಾ ರಾತ್ರಿ ಒಂಬತ್ತಕ್ಕೆ ಮಹಾಯುದ್ಧ ಶುರುವಾಗಿ ಹತ್ತಕ್ಕೆ ಮುಗಿಯುತ್ತೆ.

ಮಗಳು: ನನಗೇನೋ ಆಗಲ್ಲ ಅಂತಾನೇ ಅನ್ನಿಸುತ್ತೆ. ನಾವು ಇಲ್ಲಿ ಒಂದು ಚಿಪ್ ಡಿಸೈನ್ ಮಾಡ್ತೀವಿ ಅಂತಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಅಮೆರಿಕದ್ದು. ಚಿಪ್ ತಯಾರಾಗೋದು ತೈವಾನಿನ ಟಿಎಸ್‌ಎಂಸಿಯಲ್ಲಿ. ಅಲ್ಲಿರೋ ಯಂತ್ರ ನೆದರ್ಲೆಂಡ್ಸಿನದು. ಪ್ಯಾಕೇಜಿಂಗು ಮಲೇಷ್ಯಾದಲ್ಲೋ ಇನ್ನೆಲ್ಲೋ. ಕೊನೆಗೆ ಅದು ಹೋಗಿ ಕೂರೋದು ಚೀನಾದಲ್ಲಿ ಜೋಡಿಸೋ ಫೋನಿನೊಳಗೆ. ಇಷ್ಟು ಕೈ ಕೈ ಹೆಣೆದುಕೊಂಡಿರುವಾಗ ಯಾರು ಯಾರ ಮೇಲೆ ಬಾಂಬ್ ಹಾಕ್ತಾರೆ? ಮೊದಲು ಅವರದೇ ಹೊಟ್ಟೆಗೆ ಹೊಡೆದ ಹಾಗಾಗುತ್ತೆ.

ದೊಡ್ಡಪ್ಪ: ಇದೇ ಮಾತನ್ನ ನಾರ್ಮನ್ ಏಂಜೆಲ್ ಅನ್ನೋ ಇಂಗ್ಲೆಂಡಿನವನು 1910ರ ಹೊತ್ತಿಗೇ ಪುಸ್ತಕ ಮಾಡಿ ಹೇಳಿದ್ದ ಕಣೇ. ಯೂರೋಪಿನ ದೇಶಗಳ ಬ್ಯಾಂಕು, ಸಾಲ, ವ್ಯಾಪಾರ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ, ಯುದ್ಧದಲ್ಲಿ ಗೆದ್ದೋನಿಗೂ ದಕ್ಕೋದೇನಿಲ್ಲ ಅಂತ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗೆದ್ದ ಬ್ರಿಟನ್ನು ಸಾಲಗಾರನಾಗಿ ಎದ್ದಿತು. ಆದರೆ ನಷ್ಟ ಅಂತ ಗೊತ್ತಿದ್ದೂ 1914ರಲ್ಲಿ ಹೊಡೆದಾಡಿದರು. ಅವನಿಗೆ ಶಾಂತಿ ನೊಬೆಲ್ ಕೊಟ್ಟಿದ್ದು 1933ನೇ ಇಸವಿದು. ಅದೇ ವರ್ಷ ಹಿಟ್ಲರ್ ಚಾನ್ಸಲರ್ ಆದ.

ಮಗಳು: ಆಗಿನ ವ್ಯಾಪಾರಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಇದೆ ದೊಡ್ಡಪ್ಪ.

ದೊಡ್ಡಪ್ಪ: ಇರಲಿ, ಈಗಿನದೇ ಹೇಳ್ತೀನಿ. ನಮ್ಮ ನೌಕಾಪಡೆಗೆ ಐಎನ್‌ಎಸ್ ತುಶಿಲ್ ಅಂತ ಒಂದು ಯುದ್ಧನೌಕೆ ಬಂತು. ಕಟ್ಟಿದ್ದು ರಷ್ಯಾ, 2024ರ ಡಿಸೆಂಬರಿನಲ್ಲಿ ಕಲಿನಿನ್‌ಗ್ರಾಡಿನಲ್ಲಿ ನಮಗೆ ಒಪ್ಪಿಸಿದರು. ಅದರೊಳಗಿನ ಗ್ಯಾಸ್ ಟರ್ಬೈನ್ ಎಂಜಿನ್ ಯಾರದ್ದು ಹೇಳು? ಉಕ್ರೇನಿನ ಜೋರ್ಯಾ ಕಂಪನಿಯದು! ಅವರು ರಷ್ಯಾಕ್ಕೆ ನೇರವಾಗಿ ಕೊಡಲ್ಲ ಅಂದಾಗ ನಾವೇ ಅವರಿಂದ ಕೊಂಡು ರಷ್ಯಾಕ್ಕೆ ಒಪ್ಪಿಸಿದ್ವಿ. ಎರಡು ದೇಶದ ಹುಡುಗರು ಕಂದಕದೊಳಗೆ ಕೂತು ಒಬ್ಬರನ್ನೊಬ್ಬರು ಕೊಲ್ತಾ ಇದ್ದಾರೆ. ಅವರ ಕೈಕೆಲಸ ಮಾತ್ರ ನಮ್ಮ ಹಡಗಿನಲ್ಲಿ ಒಂದೇ ಬೋಲ್ಟಿನ ಆಚೆ ಈಚೆ ಕೂತಿದೆ. ವ್ಯಾಪಾರ ಯುದ್ಧ ತಡೆಯುತ್ತೆ ಅಂತೀಯಲ್ಲ, ಯುದ್ಧ ನಡೀತಿರುವಾಗಲೂ ವ್ಯಾಪಾರ ಅದರ ಪಕ್ಕದಲ್ಲೇ ದಾರಿ ಹುಡುಕಿಕೊಂಡು ಹೋಗುತ್ತೆ. ನಾನು ಕಂಡಿರೋದು ಇಷ್ಟು.

(ಚಟ್ನಿ ಬಡಿಸುವವರು ಬಂದರು. ಬೇಕಾ ಅಂತಲೂ ಕೇಳದೆ, ಇಡ್ಲಿ ಅರ್ಧ ಮುಳುಗುವಷ್ಟು ಸುರಿದು ಮುಂದಿನ ತಟ್ಟೆಗೆ ಹೋದರು. ಇಲ್ಲಿ ಸಾಂಬಾರ್ ಕೊಡುವ ಪದ್ಧತಿ ಇಲ್ಲ. ಕೊಡಿ ಅಂತ ಕೇಳುವ ಹೊಸಬರ ಮುಖ ನೋಡುವುದು ಹಳಬರಿಗೆ ಒಂದು ಖುಷಿ.)

ಮಗಳು: ಇನ್ನೂ ಒಂದು ಇದೆಯಲ್ಲ, ಬೆಂಗಳೂರಿಗೆ ಏನೂ ಆಗಲ್ಲ ಅನ್ನೋದು. ಅಪ್ಪನ ಮಂತ್ರ ಅದು. ‘ನಾವು ಸಮುದ್ರಕ್ಕೂ ದೂರ, ಗಡಿಗೂ ದೂರ.’

ದೊಡ್ಡಪ್ಪ: ನಿಮ್ಮಪ್ಪನಿಗೆ ಅದು ನಮ್ಮಪ್ಪನಿಂದ ಬಂದಿದ್ದು. ನಿಮ್ಮ ತಾತ ಚಾಮರಾಜಪೇಟೆಯಿಂದ ಸೈಕಲ್ ತುಳಿದುಕೊಂಡು ಎಚ್‌ಎಎಲ್‌ಗೆ ಹೋಗಿಬರ್ತಿದ್ದರು, ಗೊತ್ತಲ್ಲ? ಆ ಕಾರ್ಖಾನೆ ಹುಟ್ಟಿದ್ದೇ ಯುದ್ಧದಿಂದ, ಇಲ್ಲಿ ನೆಲೆಯಾಗಿದ್ದು ಆ ದೂರದಿಂದ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನದ ಜಾಗ, ಸಂಸ್ಥಾನದ ದುಡ್ಡೂ ಸೇರಿತು. ಆಮೇಲೆ ಜಪಾನಿನೋರು ಸಿಂಗಪುರ ನುಂಗಿದರು, ರಂಗೂನು ನುಂಗಿದರು. 1942ರ ಏಪ್ರಿಲಿನಲ್ಲಿ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಬಿತ್ತು. ಮದರಾಸಿನಲ್ಲಿ ಅರ್ಧ ಊರು ಗಂಟುಮೂಟೆ ಕಟ್ಟಿತು. ಬೆಂಗಳೂರಿಗೆ ಮಾತ್ರ ಆ ವಿಮಾನಗಳು ಬರಲಿಲ್ಲ. 1943ಕ್ಕೆ ಎಚ್‌ಎಎಲ್ ಪೂರ್ತಿ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. 84ನೇ ಏರ್ ಡಿಪೋ ಅಂತಿದ್ದರು. ಕ್ಯಾಟಲೀನಾ ಅನ್ನೋ ನೀರಿನ ಮೇಲಿಳಿಯೋ ವಿಮಾನಗಳು ರಿಪೇರಿಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳೀತಿದ್ದವು.

ಮಗಳು: ನಮ್ಮ ಆಫೀಸಿನ ಹಿಂದಿನ ಕೆರೆ! ಈಗ ಅದರಲ್ಲಿ ನೊರೆ ಬಿಟ್ಟು ಏನೂ ಇಳಿಯಲ್ಲ.

ದೊಡ್ಡಪ್ಪ: ಅಪ್ಪನಿಗೆ ಒಬ್ಬ ಅಮೆರಿಕನ್ ಸಾರ್ಜೆಂಟ್ ಒಂದು ಟಾರ್ಕ್ ರೆಂಚ್ ಕೊಟ್ಟಿದ್ದ. ‘ಬೋಲ್ಟನ್ನ ಕೈಯಂದಾಜಿನಲ್ಲಿ ಬಿಗಿಯಬೇಡ, ಮುಳ್ಳು ನೋಡಿ ಬಿಗಿ’ ಅಂತ ಹೇಳಿಕೊಟ್ಟನಂತೆ. ನಮ್ಮ ಮನೆಯ ಅನ್ನ ಅಲ್ಲಿಂದ ಶುರುವಾಯಿತು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆಗೆದಿದ್ದೂ 1942ರಲ್ಲೇ. ಯುದ್ಧ ಮುಗಿದಮೇಲೂ ಅದರ ಪ್ರಸಾದ ಬರ್ತಾನೇ ಇತ್ತು. ಹಿಟ್ಲರನ ವಾಯುಪಡೆಗೆ ಫೋಕೆವುಲ್ಫ್ 190 ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಕೂತು ನಮಗೆ ಮಾರುತ್ ಯುದ್ಧವಿಮಾನ ಮಾಡಿಕೊಟ್ಟ. 1961ರ ಜೂನಿನಲ್ಲಿ ಅದು ಇಲ್ಲೇ ಹಾರಿತು. ಹತ್ತಿಪ್ಪತ್ತು ವರ್ಷದ ಹಿಂದೆ ಎದುರುಬದುರು ಗುಂಡು ಹಾರಿಸಿದೋರ ವಿದ್ಯೆಯೆಲ್ಲ ನಮ್ಮ ಹ್ಯಾಂಗರಿನಲ್ಲಿ ಒಂದಾಯಿತು ನೋಡು.

ಮಗಳು: ಹಾಗಾದರೆ ಮಹಾಯುದ್ಧದಿಂದ ಬೆಂಗಳೂರಿಗೆ ಲಾಭವೇ ಆಯ್ತು ಅನ್ನಿ.

ದೊಡ್ಡಪ್ಪ: ಲಾಭದ ಪುಟ ಒಂದೇ ಓದಿದರೆ ಹಾಗೇ ಕಾಣುತ್ತೆ. ರವೆ ಇಡ್ಲಿ ಕೂಡ ಯುದ್ಧದಲ್ಲಿ ಹುಟ್ಟಿದ್ದು ಅಂತ ಎಂಟಿಆರ್‌ನೋರು ಹೇಳಿಕೊಳ್ತಾರೆ. ಬರ್ಮಾ ಹೋಯಿತು, ಬರ್ಮಾ ಅಕ್ಕಿ ನಿಂತಿತು, ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದರು. ಈಗ ಅದನ್ನ ಗೋಡಂಬಿ ಇಟ್ಟು, ತುಪ್ಪ ಹಾಕಿ ತಿಂತೀವಿ. ಅದೇ ಅಕ್ಕಿ ಬಂಗಾಳದಲ್ಲಿ ಸಿಗದೇ ಹೋದಾಗ 1943ರಲ್ಲಿ ಲಕ್ಷಗಟ್ಟಲೆ ಜನ ಬೀದಿಯಲ್ಲಿ ಬಿದ್ದು ಸತ್ತರು. ನಮ್ಮ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ಶುರುವಾಗಿದ್ದೂ ಆ ವರ್ಷವೇ, ಡಿವಿಜಿಯೋರ ಕಗ್ಗ ಅಚ್ಚಾಗಿದ್ದೂ ಆ ವರ್ಷವೇ. ಒಂದೇ ಯುದ್ಧ, ಒಂದು ಊರಿಗೆ ತಿಂಡಿ, ಇನ್ನೊಂದು ಊರಿಗೆ ಕ್ಷಾಮ. ನಮಗೆ ಬಂದ ಪಾಲು ಒಳ್ಳೇದಿತ್ತು, ಅಷ್ಟೇ.

ಮಗಳು: ಮೊದಲನೇ ಯುದ್ಧದಲ್ಲಿ?

ದೊಡ್ಡಪ್ಪ: ಸರಾಯೆವೊದಲ್ಲಿ ಯಾರೋ ಒಬ್ಬ ರಾಜಕುಮಾರನಿಗೆ ಗುಂಡು ಹೊಡೆದ. ಅದಕ್ಕೆ ಮೈಸೂರು ಮಹಾರಾಜರು 50 ಲಕ್ಷ ರೂಪಾಯಿ ಕೊಟ್ಟರು, ಬೆಂಗಳೂರಿನಿಂದ ಮೈಸೂರು ಲ್ಯಾನ್ಸರ್ಸ್ ಕುದುರೆ ದಂಡು ಸೂಯೆಜ್ ಕಾಯೋಕೆ ಹೋಯಿತು. ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಬಸ್ಸಲ್ಲಿ ಹೋಗೋರು ತಿರುಗಿಯೂ ನೋಡಲ್ಲ. 1918ರ ಸೆಪ್ಟೆಂಬರ್ 23ರಂದು ಆ ಕುದುರೆ ಸವಾರರು ಜೋಧಪುರದೋರ ಜೊತೆ ಸೇರಿ ಹೈಫಾ ಪಟ್ಟಣ ಹಿಡಿದರು. ಎದುರಿಗೆ ಮೆಷಿನ್‌ಗನ್ನು, ಇವರ ಕೈಯಲ್ಲಿ ಈಟಿ. ಅದೇ ಹೈಫಾ ಮೇಲೆ 2025ರ ಜೂನಿನಲ್ಲಿ ಇರಾನಿನ ಕ್ಷಿಪಣಿ ಬಿದ್ದಿದ್ದನ್ನ ನೀನೂ ಟಿವಿಯಲ್ಲಿ ನೋಡಿದ್ದೆ. ಇನ್ನು 1918ರಲ್ಲಿ ಆ ಯುದ್ಧ ನಿಜವಾಗಿ ನಮ್ಮ ಕೇರಿಗೆ ಬಂದಿದ್ದು ಜ್ವರದ ರೂಪದಲ್ಲಿ. ಸೈನಿಕರ ಹಡಗಿನ ಜೊತೆ ಮುಂಬಯಿಗೆ ಇಳಿದ ಇನ್‌ಫ್ಲುಯೆಂಜಾ ರೈಲು ಹತ್ತಿ ಊರೂರಿಗೆ ಹೋಯಿತು. ನಾಲ್ಕು ವರ್ಷದ ಯುದ್ಧದಲ್ಲಿ ಸತ್ತ ಹಿಂದೂಸ್ತಾನದ ಸಿಪಾಯಿಗಳು 74,000ದ ಹತ್ತಿರ. ಕೆಲವೇ ತಿಂಗಳಲ್ಲಿ ಜ್ವರಕ್ಕೆ ಹೋದವರು ಕೋಟಿ ಮೀರಿದರು. ‘ದೂರ ಇದ್ದೀವಿ’ ಅನ್ನೋರಿಗೆ ನಾನು ಈ ಲೆಕ್ಕ ಕೊಡ್ತೀನಿ.

(ಕಾಫಿ ಬಂತು. ಅವರು ಲೋಟದ ಅಂಚನ್ನು ಕರ್ಚೀಫಿನಲ್ಲಿ ಹಿಡಿದು ಊದಿ ಕುಡಿದರು. ಅವಳು ಫೋನು ನೋಡಿ ಕೆಳಗಿಟ್ಟಳು.)

ಮಗಳು: ಉಕ್ರೇನ್ ಯುದ್ಧ ಶುರುವಾದ ವಾರ ನೆನಪಿದೆಯಾ? ಖಾರ್ಕಿವ್‌ನಲ್ಲಿ ಓದ್ತಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ, ದಿನಸಿ ತರೋಕೆ ಅಂತ ಹೊರಗೆ ಹೋಗಿದ್ದನಂತೆ, ಹೋಗಿಬಿಟ್ಟ. 2022ರ ಮಾರ್ಚ್ 1. ಆ ವಾರ ನಾನು ಕೆಲಸ ಮಾಡಿದ್ದು ಅಷ್ಟಕ್ಕಷ್ಟೇ.

ದೊಡ್ಡಪ್ಪ: ಹೂಂ. ಅದೇ ಹೊತ್ತಿಗೆ ನಿಮ್ಮ ದೊಡ್ಡಮ್ಮ ಸೂರ್ಯಕಾಂತಿ ಎಣ್ಣೆ ಬೆಲೆ ನೋಡಿ ಕಡಲೆಕಾಯಿ ಎಣ್ಣೆಗೆ ವಾಪಸ್ ಬಂದಳು. ಅದರ ಬಹುಪಾಲು ಉಕ್ರೇನಿನಿಂದ ಬರ್ತಿತ್ತು ಅಂತ ನಮಗೆ ಯಾರಿಗೆ ಗೊತ್ತಿತ್ತು?

ಮಗಳು: ದೊಡ್ಡಪ್ಪ, ಒಂದು ವಿಷಯ ಹೇಳಬೇಕು. ನಿನ್ನೆಯ ಮೀಟಿಂಗು ಸುಮ್ಮನೆ ಕರೆದಿದ್ದಲ್ಲ. ಎರಡು ವರ್ಷಕ್ಕೆ ಸಿಂಚುಗೆ ಹೋಗ್ತೀಯಾ ಅಂತ ಕೇಳಿದ್ದಾರೆ. ತೈವಾನ್‌ಗೆ. ಸೋಮವಾರ ಉತ್ತರ ಕೊಡಬೇಕು.

ದೊಡ್ಡಪ್ಪ: ಓಹೋ. ಅದಕ್ಕೇ ಬೆಳಿಗ್ಗೆ ಬೆಳಿಗ್ಗೆ ನಾರ್ಮನ್ ಏಂಜೆಲನ ಮೊಮ್ಮಗಳಾಗಿದ್ದೀಯ! ಆಗಲ್ಲ ಆಗಲ್ಲ ಅಂತ ನನ್ನ ಕೈಲಿ ಹೇಳಿಸಿಕೊಳ್ಳೋಕೆ ಬಂದಿದ್ದೀಯ.

ಮಗಳು: ಹೌದು ಅಂತಾನೇ ಇಟ್ಟುಕೊಳ್ಳಿ.

ದೊಡ್ಡಪ್ಪ: ನಡಿ, ವಾಡಿಯಾ ರಸ್ತೆ ಕಡೆ ನಡೆದುಕೊಂಡು ಮಾತಾಡೋಣ. ಲೈಬ್ರರಿಗೆ ಒಂದು ಪುಸ್ತಕ ವಾಪಸ್ ಕೊಡೋದಿದೆ.

(ಇಬ್ಬರೂ ಶಂಕರಮಠದ ಪಕ್ಕದಿಂದ ಹೊರಟರು. ರಸ್ತೆಯ ಎರಡೂ ಬದಿ ಕಾರು, ಸ್ಕೂಟರು. ಹಳೆಯ ಹೆಂಚಿನ ಮನೆಗಳು ಬಿದ್ದು ಅಲ್ಲಲ್ಲಿ ನಾಲ್ಕಂತಸ್ತಿನವು ಎದ್ದಿವೆ. ಒಂದು ಕಾಂಪೌಂಡಿನಲ್ಲಿ ಮಾತ್ರ ಮಾವಿನ ಮರ ಉಳಿದಿದೆ.)

ದೊಡ್ಡಪ್ಪ: ನಾನು ಹೇಳೋದನ್ನ ಕೇಳು. ದೊಡ್ಡ ದೇಶಗಳ ನಡುವೆ ಬಿಸಿ ಎಷ್ಟೇರಿದೆ ಅಂತ ಎಲ್ಲರೂ ನೋಡ್ತಾರೆ. ಅದು ಯಾವಾಗಲೂ ಏರಿಳಿತಾನೇ ಇರುತ್ತೆ. ನಾನು ನೋಡೋದು ಬೇರೆ. ಇಬ್ಬರ ಮಧ್ಯೆ ಬೇಸರ ಹುಟ್ಟಿಸೋ ಕಾಗದಪತ್ರ ಎಷ್ಟು ಓಡಾಡ್ತಿದೆ? ಯಾರು ಯಾರಿಗೆ ಫೋನ್ ಮಾಡ್ತಾರೆ, ಎತ್ತೋರು ಯಾರು?

ಮಗಳು: ಗುಮಾಸ್ತರ ಕೆಲಸ ಮಹಾಯುದ್ಧ ತಡೆಯುತ್ತೆ ಅಂತೀರಾ?

ದೊಡ್ಡಪ್ಪ: ಎಷ್ಟೋ ಸಲ ತಡೆದಿದೆ. 1988ರ ಡಿಸೆಂಬರ್ 31ರಂದು ಭಾರತ, ಪಾಕಿಸ್ತಾನ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಅಣು ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು, ಪ್ರತಿ ಜನವರಿ 1ಕ್ಕೆ ಎಲ್ಲೆಲ್ಲಿ ಸ್ಥಾವರ ಇದೆ ಅಂತ ಪಟ್ಟಿ ಕೊಡಬೇಕು. ನಮ್ಮ ಕೈಗಾ ಆ ಪಟ್ಟಿಯಲ್ಲಿ ಇರಲೇಬೇಕು. 1992ರಿಂದ ಇದು ನಡೀತಾ ಇದೆ. ಕಾರ್ಗಿಲ್ ಆದ ಮುಂದಿನ ಜನವರಿಯಲ್ಲೂ ಕೊಟ್ಟರು. ಮುಂಬಯಿಯ ಮೇಲೆ 26/11 ದಾಳಿಯಾಗಿ ಐದೇ ವಾರಕ್ಕೆ 2009ರ ಜನವರಿ 1 ಬಂತು. ಆವತ್ತೂ ಕೊಟ್ಟರು. ಹೊಸ ವರ್ಷದ ದಿನ ಇಬ್ಬರು ಅಧಿಕಾರಿಗಳು ಲಕೋಟೆ ಬದಲಾಯಿಸಿಕೊಳ್ತಾರೆ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತೆ. ನಾನು ಅದನ್ನ ಪ್ರತಿವರ್ಷ ಹುಡುಕಿ ಓದ್ತೀನಿ.

ಮಗಳು: ಆದರೂ 2025ರ ಮೇ ತಿಂಗಳಲ್ಲಿ ಯುದ್ಧದ ಬಾಗಿಲಿಗೆ ಹೋಗಿಬಂದ್ವಲ್ಲ. ಮೇ 7ಕ್ಕೆ ಬೆಂಗಳೂರಲ್ಲೂ ಮಾಕ್ ಡ್ರಿಲ್ ಅಂತ ಸೈರನ್ ಹಾಕಿದರು. ನಮ್ಮ ಮನೆಗೆ ಕೇಳಿಸಲೇ ಇಲ್ಲ. ಅಮ್ಮ ಬಾಲ್ಕನಿಯಲ್ಲಿ ನಿಂತು ಕಾದಿದ್ದೇ ಬಂತು.

ದೊಡ್ಡಪ್ಪ: ಅದು ನಿಂತಿದ್ದು ಹೇಗೆ? ಮೇ 10ರ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಡಿಜಿಎಂಒ, ಅಂದರೆ ಸೇನಾ ಕಾರ್ಯಾಚರಣೆಯ ಮುಖ್ಯಸ್ಥರು, ನಮ್ಮ ಡಿಜಿಎಂಒಗೆ ಫೋನ್ ಮಾಡಿದರು. ಸಂಜೆ 5ಕ್ಕೆ ಗುಂಡು ನಿಲ್ಲಿಸೋದು ಅಂತಾಯಿತು. ಹಿಂದೆ ಯಾರು ಯಾರಿಗೆ ಒತ್ತಡ ಹಾಕಿದರು, ಯಾರು ನಾನೇ ನಿಲ್ಲಿಸಿದೆ ಅಂತ ಎದೆ ತಟ್ಟಿಕೊಂಡರು, ಅದೆಲ್ಲ ಬೇರೆ ಮಾತು. ಫೋನ್ ಮಾಡೋಕೆ ಒಂದು ನಂಬರ್ ಇತ್ತು. ಈ ಕಡೆ ಎತ್ತೋರು ಇದ್ದರು. ಆ ತಂತಿ ಎಳೆದಿದ್ದು 1971ರ ಯುದ್ಧ ಆದಮೇಲೆ. ಅಲ್ಲಿಂದ ಎಷ್ಟೋ ವಾರ ‘ಏನೂ ವಿಶೇಷ ಇಲ್ಲ’ ಅಂತ ಹೇಳಿ ಇಡೋಕಷ್ಟೇ ಅದನ್ನ ಬಳಸಿದ್ದಾರೆ.

ಮಗಳು: ಸರಿ, ನಾನೂ ಒಂದು ಹೇಳ್ತೀನಿ. 2022ರ ಮಾರ್ಚ್ 9. ನಮ್ಮದೇ ಬ್ರಹ್ಮೋಸ್ ಕ್ಷಿಪಣಿ ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಪುಣ್ಯ. ಹಾರಿದಾಗಿನಿಂದ ಬೀಳೋವರೆಗೆ ಏಳು ನಿಮಿಷವೂ ಆಗಿರಲಿಲ್ಲ ಅಂತ ಅವರ ಸೇನೆ ಹೇಳಿತು. ನಾವು ತಪ್ಪಾಯಿತು ಅಂತ ಬಾಯಿ ಬಿಟ್ಟಿದ್ದು ಎರಡು ದಿನ ಆದಮೇಲೆ. ಆವತ್ತು ನಿಮ್ಮ ಫೋನ್ ಏನು ಮಾಡ್ತಿತ್ತು?

ದೊಡ್ಡಪ್ಪ: ಒಳ್ಳೇ ಪ್ರಶ್ನೆ. ನನ್ನ ವಾದಕ್ಕೆ ದೊಡ್ಡ ತೂತು ಅದೇ. ಆದರೆ ಅದರೊಳಗೆ ಕಾಗದದ ಕಥೆ ಇದೆ ನೋಡು. ಕ್ಷಿಪಣಿ ಪರೀಕ್ಷೆ ಮಾಡೋ ಮುಂಚೆ ಒಬ್ಬರಿಗೊಬ್ಬರು ತಿಳಿಸಬೇಕು ಅಂತ 2005ರಲ್ಲಿ ಎರಡೂ ದೇಶ ಒಪ್ಪಿಕೊಂಡಿವೆ. ಆದರೆ ಅದು ಬ್ಯಾಲಿಸ್ಟಿಕ್ ಕ್ಷಿಪಣಿಗೆ ಮಾತ್ರ. ಬ್ರಹ್ಮೋಸ್ ಥರದ ಕ್ರೂಸ್ ಕ್ಷಿಪಣಿ ಅದರೊಳಗೆ ಬರಲ್ಲ. ಕಾಗದ ಬರೆಯುವಾಗ ಬಿಟ್ಟುಹೋದ ಜಾಗದಲ್ಲೇ ಕ್ಷಿಪಣಿ ಹಾರಿತು. ಆಮೇಲೆ ಮೂವರು ಅಧಿಕಾರಿಗಳನ್ನ ಮನೆಗೆ ಕಳಿಸಿದರು. ಆವತ್ತು ನಾವು ಬದುಕಿದ್ದು ಯಾಕೆ ಅಂದರೆ ಪಾಕಿಸ್ತಾನದ ರಾಡಾರ್ ಮುಂದೆ ಕೂತಿದ್ದೋರು ಅದನ್ನ ಯುದ್ಧ ಅಂತ ಓದಲಿಲ್ಲ. ಅವರೂ ನಮ್ಮ ಹಾಗೇ ಶಿಫ್ಟ್ ಕೆಲಸದೋರು. ಇದು ನಿಮ್ಮಪ್ಪನಿಗೆ ನಾನು ಹೇಳಿಲ್ಲ. ಎಚ್‌ಎಎಲ್, ಇಸ್ರೋ, ಡಿಆರ್‌ಡಿಒ, ಯಲಹಂಕದ ವಾಯುನೆಲೆ, ಇಷ್ಟೆಲ್ಲ ಒಂದೇ ಊರಲ್ಲಿ ತುಂಬಿಟ್ಟುಕೊಂಡು ನಾವು ಯಾರಿಗೂ ದೂರ ಅಂತ ಹೇಳೋಕಾಗುತ್ತಾ? ದೂರ ಇದೆ ಅಂತ ಕಟ್ಟಿದ ಕಾರ್ಖಾನೆಯೇ ಈಗ ಬೇರೆಯೋರ ನಕ್ಷೆಯಲ್ಲಿ ಗುರುತಾಗಿರುತ್ತೆ.

ಮಗಳು: ನೀವು ಹೇಳೋದು ಕೇಳಿದರೆ ಸಿಂಚುಗಿಂತ ಶಂಕರಪುರವೇ ಅಪಾಯ!

ದೊಡ್ಡಪ್ಪ: ಅಪಾಯ ಎರಡು ಕಡೆಯೂ ಇದೆ, ಥರ ಬೇರೆ. ಈಗ ಚೀನಾದೋರ ವಿಷಯಕ್ಕೆ ಬಾ. ಗಾಲ್ವನ್. 2020ರ ಜೂನ್ 15ರ ರಾತ್ರಿ ನಮ್ಮ 20 ಜನ ಹೋದರು. ಎರಡು ಅಣ್ವಸ್ತ್ರ ದೇಶದ ಸೈನಿಕರು ಕಲ್ಲು, ಮುಳ್ಳಿನ ದೊಣ್ಣೆ ಹಿಡಿದು ಹೊಡೆದಾಡಿದರು. ಬಂದೂಕು ಯಾಕೆ ತೆಗೆಯಲಿಲ್ಲ? 1996ರ ಒಪ್ಪಂದ. ವಾಸ್ತವ ನಿಯಂತ್ರಣ ರೇಖೆಯಿಂದ 2 ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು ಅಂತ.

ಮಗಳು: ಅಂಥ ಒಪ್ಪಂದ ಇದ್ದೂ 20 ಜನ ಸತ್ತರಲ್ಲ ದೊಡ್ಡಪ್ಪ. ಅದನ್ನ ಗೆಲುವು ಅಂತ ಹೇಗೆ ಎಣಿಸ್ತೀರಿ?

ದೊಡ್ಡಪ್ಪ: ಗೆಲುವು ಅಂದೆನಾ ನಾನು? ಅದೇ ಜಾಗದಲ್ಲಿ, ಅದೇ ಸಿಟ್ಟಿನಲ್ಲಿ ರೈಫಲ್ ಮಾತಾಡಿದ್ದರೆ ಬೆಳಗಾಗೋದರೊಳಗೆ ಫಿರಂಗಿ ಬರ್ತಿತ್ತು. ಸತ್ತೋರ ಮನೆಯೋರಿಗೆ ಈ ಲೆಕ್ಕ ಹೇಳೋ ಮುಖ ನನಗಿಲ್ಲ. ಆದರೂ ಅದು ಲೆಕ್ಕವೇ.

(ದೊಡ್ಡ ರಸ್ತೆ ದಾಟುವುದಕ್ಕೆ ಎರಡು ಸಿಗ್ನಲ್ ಹಿಡಿಯಿತು. ಮಾತು ಅಲ್ಲಿ ಕಡಿದು ಆಚೆ ಬದಿಯಲ್ಲಿ ಮತ್ತೆ ಹತ್ತಿಕೊಂಡಿತು.)

ಮಗಳು: ಒಂದು ನಿಮಿಷ. 1914ರಲ್ಲೂ ತಂತಿ ಇತ್ತಲ್ಲ? ಜರ್ಮನಿಯ ಕೈಸರ್, ರಷ್ಯಾದ ಜಾರ್ ಇಬ್ಬರೂ ದಾಯಾದಿಗಳು. ‘ವಿಲ್ಲಿ’, ‘ನಿಕಿ’ ಅಂತ ಸಹಿ ಹಾಕಿ ಕೊನೆಯ ದಿನದವರೆಗೂ ಟೆಲಿಗ್ರಾಂ ಕಳಿಸಿಕೊಂಡರು ಅಂತ ಓದಿದ್ದೀನಿ. ಏನು ಪ್ರಯೋಜನ ಆಯ್ತು?

ದೊಡ್ಡಪ್ಪ: ಏನೂ ಆಗಲಿಲ್ಲ. ಅಷ್ಟು ಹೊತ್ತಿಗೆ ಎರಡೂ ಕಡೆ ದಂಡು ಸಾಗಿಸೋ ರೈಲಿನ ವೇಳಾಪಟ್ಟಿ ಕೈ ಮೀರಿ ಹೋಗಿತ್ತು. ದೊರೆ ನಿಲ್ಲಿಸಿ ಅಂದರೂ ಸೇನಾಪತಿಗಳು ಸಾಧ್ಯವಿಲ್ಲ ಅಂದರು. ಆದರೂ ಸರಾಯೆವೊದ ಕೊಲೆಯಾಗಿ ಮೊದಲ ಯುದ್ಧಘೋಷಣೆ ಆಗೋದಕ್ಕೆ ಒಂದು ತಿಂಗಳು ಹಿಡಿಯಿತು, ಜೂನ್ 28ರಿಂದ ಜುಲೈ 28. ಆ ಒಂದು ತಿಂಗಳು ಇದ್ದೂ ಹಾಳು ಮಾಡಿಕೊಂಡರು. ಈಗ ನೀನೇ ಹೇಳಿದೆಯಲ್ಲ, ಏಳು ನಿಮಿಷ. ಅದಕ್ಕೇ ಕಾಗದ ಮೊದಲೇ ಸಿದ್ಧ ಇರಬೇಕು ಅನ್ನೋದು. ಏಳು ನಿಮಿಷದಲ್ಲಿ ಕೂತು ಬರೆಯೋಕಾಗಲ್ಲ.

ಮಗಳು: ಸಿದ್ಧ ಇದೆಯಾ? ಅಮೆರಿಕ, ರಷ್ಯಾ ಮಧ್ಯೆ?

ದೊಡ್ಡಪ್ಪ: ಮೊದಲು ಕಂತೆಗಟ್ಟಲೆ ಇತ್ತು. ಒಂದೊಂದೇ ಹರಿದುಹೋಯಿತು. 2002ರಲ್ಲಿ ಕ್ಷಿಪಣಿ ತಡೆಯೋ ಅಸ್ತ್ರಗಳ ಎಬಿಎಂ ಒಪ್ಪಂದ, 2019ರಲ್ಲಿ ಮಧ್ಯಮ ದೂರದ ಕ್ಷಿಪಣಿಗಳ ಐಎನ್‌ಎಫ್. ಕೊನೆಗೆ ಉಳಿದಿದ್ದು 2010ರ ನ್ಯೂ ಸ್ಟಾರ್ಟ್. ಒಬ್ಬೊಬ್ಬರು ಹಾರಿಸೋಕೆ ಸಿದ್ಧ ಇಟ್ಟುಕೊಳ್ಳೋ ದೊಡ್ಡ ಸಿಡಿತಲೆ 1,550 ಮೀರಬಾರದು, ಒಬ್ಬರ ನೆಲೆಗೆ ಇನ್ನೊಬ್ಬರು ಬಂದು ಎಣಿಸಿ ನೋಡಬಹುದು ಅಂತ. ಕೋವಿಡ್ ಬಂದು ಆ ತಪಾಸಣೆ ನಿಂತಿದ್ದು ಮತ್ತೆ ಶುರುವಾಗಲೇ ಇಲ್ಲ. 2023ರಲ್ಲಿ ರಷ್ಯಾ ಪಾಲ್ಗೊಳ್ಳೋದನ್ನೇ ನಿಲ್ಲಿಸಿತು. ವಾಯಿದೆ 2026ರ ಫೆಬ್ರವರಿ 5ರವರೆಗೆ ಅಂತ ಬರೆದಿತ್ತು. ಒಂದೇ ಸಲ ಮುಂದೂಡಬಹುದು ಅಂತ ಷರತ್ತು, ಅದನ್ನೂ 2021ರಲ್ಲೇ ಬಳಸಿಬಿಟ್ಟಿದ್ದರು. ಕ್ಷಿಪಣಿ ಹಾರಿಸೋ ಮುಂಚೆ ಹೇಳಬೇಕು ಅನ್ನೋ 1988ರ ಸಣ್ಣ ಒಪ್ಪಂದ ಒಂದು ಬೇರೆ ಇದೆ. ಅದರ ಹೆಸರು ಟಿವಿಯಲ್ಲಿ ಕೇಳಿದ್ದೀಯಾ?

ಮಗಳು: ಇಲ್ಲ. ಚೀನಾ, ಅಮೆರಿಕ ಮಧ್ಯೆ? ನನಗೆ ಬೇಕಾಗಿರೋದು ಅದು.

ದೊಡ್ಡಪ್ಪ: ಅಲ್ಲೇ ಬಡತನ. 2022ರ ಆಗಸ್ಟಿನಲ್ಲಿ ಅಮೆರಿಕದ ಸ್ಪೀಕರ್ ಪೆಲೋಸಿ ತೈಪೆಗೆ ಹೋಗಿಬಂದರು. ಚೀನಾ ಸಿಟ್ಟಾಗಿ ಮಿಲಿಟರಿ ಮಾತುಕತೆಯ ಬಾಗಿಲು ಹಾಕಿತು. ಮುಂದಿನ ಫೆಬ್ರವರಿಯಲ್ಲಿ ಚೀನಾದ ಬಲೂನು ಅಮೆರಿಕದ ಮೇಲೆ ಹಾರಿಹೋಗಿ, ಅಮೆರಿಕದೋರು ಅದನ್ನ ಹೊಡೆದು ಬೀಳಿಸಿದರಲ್ಲ, ಆವತ್ತು ಅಮೆರಿಕದ ರಕ್ಷಣಾ ಮಂತ್ರಿ ಬೀಜಿಂಗಿಗೆ ಫೋನ್ ಮಾಡಿದರೆ ಅವರು ಮಾತಾಡಲ್ಲ ಅಂದುಬಿಟ್ಟರು. ಮತ್ತೆ ಮಿಲಿಟರಿಯೋರು ಮಾತಾಡೋದು ಅಂತ ಆಗಿದ್ದು 2023ರ ನವೆಂಬರಿನಲ್ಲಿ ಬೈಡನ್, ಷಿ ಜಿನ್‌ಪಿಂಗ್ ಭೇಟಿಯಾದಾಗ. ಒಂದು ವರ್ಷದ ಮೇಲಾಯಿತು. ಆ ಕಾಲದಲ್ಲಿ ತೈವಾನ್ ಜಲಸಂಧಿಯಲ್ಲಿ ಎರಡು ವಿಮಾನ ಡಿಕ್ಕಿ ಹೊಡೆದಿದ್ದರೆ ಅಂತ ನಾನು ಯೋಚನೆ ಮಾಡಿದ್ದುಂಟು. 2001ರಲ್ಲಿ ಹೈನಾನ್ ಹತ್ತಿರ ಹಾಗೆ ಆಗಿದೆ, ಒಬ್ಬ ಚೀನಾದ ಪೈಲಟ್ ಸತ್ತ. ಆಗ ಹೇಗೋ ಮಾತಾಡಿ ಮುಗಿಸಿಕೊಂಡರು.

ಮಗಳು: ನಿಮ್ಮ ಮಾತಿನಲ್ಲೇ ಹೇಳೋದಾದರೆ ತೈವಾನಿನ ಕಡೆ ಫೋನೂ ಸರಿಯಿಲ್ಲ, ಪಟ್ಟಿಯೂ ಇಲ್ಲ. ಅಂದರೆ ಯುದ್ಧ ಆಗುತ್ತೆ.

ದೊಡ್ಡಪ್ಪ: ಆಗುತ್ತೆ ಅಂತ ಹೇಳಲಿಲ್ಲ. ಆದರೆ ನಿಲ್ಲಿಸೋಕೆ ಬೇಕಾದ ಸಾಮಾನು ಕಡಿಮೆ ಇದೆ. ಪೂರ್ತಿ ಇಲ್ಲ ಅಂತಲೂ ಹೇಳೋಕಾಗಲ್ಲ. 2024ರ ಸೆಪ್ಟೆಂಬರಿನಲ್ಲಿ ಚೀನಾ ಒಂದು ದೊಡ್ಡ ಖಂಡಾಂತರ ಕ್ಷಿಪಣಿಯನ್ನ ಪೆಸಿಫಿಕ್ ಸಾಗರಕ್ಕೆ ಹಾರಿಸಿತು. ಅಮೆರಿಕಕ್ಕೆ ಹೇಳಲೇಬೇಕು ಅಂತ ಒಪ್ಪಂದ ಇರಲಿಲ್ಲ. ಆದರೂ ಮುಂಚೆ ತಿಳಿಸಿದ್ದರು ಅಂತ ಅಮೆರಿಕದೋರೇ ಒಪ್ಪಿಕೊಂಡರು. ಅದನ್ನ ಓದಿದ ದಿನ ನನಗೆ ಸ್ವಲ್ಪ ಸಮಾಧಾನ ಆಯಿತು. ಟಿವಿಯಲ್ಲಿ ಮಾತ್ರ ಕ್ಷಿಪಣಿಯ ಗ್ರಾಫಿಕ್ಸು ಬಂತು, ಈ ಸಾಲು ಬರಲಿಲ್ಲ.

ಮಗಳು: ನಮ್ಮ ಸರ್ಕಾರ ಏನು ಸಿದ್ಧತೆ ಮಾಡಿಕೊಂಡಿದೆ ಅಂತೀರಿ?

ದೊಡ್ಡಪ್ಪ: ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ಗುಹೆ ಮಾಡಿ ಅದರೊಳಗೆ 25 ಲಕ್ಷ ಟನ್ ಕಚ್ಚಾತೈಲ ಹಿಡಿಸೋ ಹಾಗೆ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ. ವಿಶಾಖಪಟ್ಟಣದ್ದೂ ಸೇರಿಸಿದರೆ, ಎಲ್ಲ ತುಂಬಿದ್ದರೂ ದೇಶಕ್ಕೆ ಒಂಬತ್ತೂವರೆ ದಿನದಷ್ಟು. ಹಾರ್ಮುಜ್ ಜಲಸಂಧಿ ಮುಚ್ಚಿದರೆ ಎಣ್ಣೆಗೆ ಅಷ್ಟಾದರೂ ಇದೆ. ಅಡುಗೆ ಅನಿಲದ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರುತ್ತೆ, ಅದರ ಬಹುಪಾಲು ಅದೇ ಕಿರಿದಾರಿಯಲ್ಲಿ. ಈಗ ತಿಂದುಬಂದ ಇಡ್ಲಿ ಬೆಂದಿದ್ದು ಯಾವ ಸಮುದ್ರ ದಾಟಿಬಂದ ಗ್ಯಾಸಿನಲ್ಲಿ ಅಂತ ಯಾರು ಯೋಚನೆ ಮಾಡ್ತಾರೆ?

ಮಗಳು: ನೀವೊಬ್ಬರು ಮಾಡ್ತೀರಿ.

ದೊಡ್ಡಪ್ಪ: ಮಾಡಬೇಕಾಯಿತು ಕಣೇ. 1998ರಲ್ಲಿ ಪೋಖ್ರಾನಿನಲ್ಲಿ ಬಾಂಬ್ ಸಿಡಿಸಿದ್ವಿ, ಅಮೆರಿಕ ನಿರ್ಬಂಧ ಹೇರಿತು. ತೇಜಸ್ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮ ಹುಡುಗರನ್ನ ಕಾಗದಪತ್ರವನ್ನೂ ಎತ್ತಿಕೊಳ್ಳೋಕೆ ಬಿಡದೆ ವಾಪಸ್ ಕಳಿಸಿದರು. ಅದು ಯುದ್ಧವಲ್ಲ, ಬರೀ ಮುನಿಸು. ಆದರೂ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು, ಆ ವಿಮಾನ ಹಾರಿದ್ದು 2001ರ ಜನವರಿಯಲ್ಲಿ. ದೊಡ್ಡವರ ಮುನಿಸು ನಮ್ಮ ಶಾಪಿನ ಬೆಂಚಿಗೆ ಬರೋದನ್ನ ನಾನು ಕಣ್ಣಾರೆ ಕಂಡವನು.

(ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ದೊಡ್ಡಪ್ಪ ಗೇಟಿನ ಹತ್ತಿರ ನಿಂತು ಚೀಲದಿಂದ ಪುಸ್ತಕ ತೆಗೆದರು.)

ಮಗಳು: ಇದು ಯಾವಾಗಿನದು ದೊಡ್ಡಪ್ಪ? ಸ್ಕೂಲಲ್ಲಿದ್ದಾಗಿನಿಂದ ಬರ್ತಿದ್ದೀನಿ, ಕೇಳಿಯೇ ಇಲ್ಲ.

ದೊಡ್ಡಪ್ಪ: 1945ರ ಆಗಸ್ಟ್ 11. ಹಿರೋಶಿಮಾದ ಮೇಲೆ ಬಾಂಬ್ ಬಿದ್ದು ಐದು ದಿನ, ನಾಗಸಾಕಿಗೆ ಎರಡು ದಿನ. ಜಪಾನ್ ಇನ್ನೂ ಶರಣಾಗಿರಲಿಲ್ಲ. ಆ ವಾರ ಬಸವನಗುಡಿಯಲ್ಲಿ ವಾಡಿಯಾ ದಂಪತಿ ಕೂತು, ಜಗತ್ತಿನ ಸಂಸ್ಕೃತಿಗಳೆಲ್ಲ ಒಂದು ಕಡೆ ಸೇರಲಿ ಅಂತ ಒಂದು ಸಂಸ್ಥೆ ತೆರೆದರು. ನನಗೆ ಅದು ಅತಿಯಾದ ಆಸೆ ಅನ್ನಿಸಿದ್ದೂ ಉಂಟು. ಉಪನ್ಯಾಸ ಕೇಳಿ ಯಾವ ದೇಶ ಬಾಂಬ್ ಕೆಳಗಿಟ್ಟಿದೆ? ಆದರೂ ಚಂದಾ ಕಟ್ತಾನೇ ಇದ್ದೀನಿ.

ಮಗಳು: ನನಗೆ ಮಾತ್ರ ಇದು ನಿಮ್ಮ ಲಕೋಟೆಗಿಂತ ಜಾಸ್ತಿ ನಂಬಿಕೆ ಹುಟ್ಟಿಸುತ್ತೆ. ಕಾಗದಕ್ಕೆ ಸಹಿ ಹಾಕೋರಿಗೂ ಎದುರಿಗಿರೋರು ಮನುಷ್ಯರು ಅಂತ ಎಲ್ಲೋ ಗೊತ್ತಾಗಬೇಕಲ್ಲ. ಗೊತ್ತಾಗದೇ ಹೋದರೆ ಹರಿದು ಹಾಕ್ತಾರೆ. ನೀವೇ ಒಂದೊಂದಾಗಿ ಲೆಕ್ಕ ಕೊಟ್ಟಿರಿ.

ದೊಡ್ಡಪ್ಪ: ಇರಬಹುದು. ಈ ವಿಷಯದಲ್ಲಿ ನಾನು ಒಪ್ಪಲ್ಲ, ನೀನೂ ಬಿಡಲ್ಲ. ಸೋಮವಾರ ಏನು ಹೇಳ್ತೀಯ?

ಮಗಳು: ನೀವು ಏನು ಹೇಳ್ತೀರಿ?

ದೊಡ್ಡಪ್ಪ: ಹೋಗು. ನಿಮ್ಮ ತಾತ ಟಾರ್ಕ್ ರೆಂಚ್ ಹಿಡಿದ ಹಾಗೆ ನೀನೂ ಏನಾದರೂ ಕಲಿತು ಬಾ. ಆದರೆ ಅಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ. ಇಂಡಿಯಾ ತೈಪೆ ಅಸೋಸಿಯೇಷನ್ ಅಂತ ಇದೆ. ಇಳಿದ ವಾರವೇ ಅಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಬರೆಸು. ಉಕ್ರೇನಿನಿಂದ ನಮ್ಮ ವಿದ್ಯಾರ್ಥಿಗಳನ್ನ ಕರೆತರುವಾಗ ಯಾರು ಎಲ್ಲಿದ್ದಾರೆ ಅಂತ ಹುಡುಕೋದೇ ಒಂದು ಕೆಲಸವಾಗಿತ್ತು.

ಮಗಳು: ಬರೆಸ್ತೀನಿ. ಅಮ್ಮನ ಹತ್ತಿರ ಮಾತ್ರ ನೀವೇ ಮಾತಾಡಬೇಕು. ಆದರೆ ಬ್ರಹ್ಮೋಸ್ ವಿಷಯ ಎತ್ತಬೇಡಿ, ದಯವಿಟ್ಟು.